ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಬರ್ತಿಲ್ಲ: ಕರ್ನಲ್ ಕಾನ್ಫಿಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಕೊಡುವುದು ನನ್ನ ಹೊಟ್ಟೆಪಾಡಿನ ಒಂದು ಭಾಗ. ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು, ಇಂಜಿನಿಯರಿಂಗ್ ಓದುವ ಮಕ್ಕಳು, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು ಬರುತ್ತಾರೆ. ಬಂದವರು ಬಾಗಿಲಲ್ಲೇ ಕೇಳುವುದು ಒಂದೇ ಮಾತು: "ಪೆನ್‌ಡ್ರೈವ್ ಹಾಕಿದ್ರೆ ಏನೂ ಬರ್ತಿಲ್ಲ ಸಾರ್." ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕರ್ನಲ್ ಅಂದರೆ ಯಂತ್ರದ ಭಾಗಗಳನ್ನು ನಡೆಸುವ ಲಿನಕ್ಸ್‌ನ ತಿರುಳು. ಅದರಲ್ಲಿ ಏನೇನು ಇರಬೇಕು ಅನ್ನೋ ಪಟ್ಟಿ ಕಾನ್ಫಿಗ್. ಆ ಪಟ್ಟಿಯಂತೆ ಸೋರ್ಸ್ ಕೋಡ್‌ನಿಂದ ಕರ್ನಲ್ ತಯಾರಿಸುವುದು ಕಂಪೈಲ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನೂ ಆಯ್ಕೆಗಳ ಹೆಸರನ್ನೂ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು. ಕಮಾಂಡ್‌ಗಳಿಗೆ ಸಣ್ಣಕ್ಷರ, ಕಾನ್ಫಿಗ್ ಹೆಸರುಗಳಿಗೆ ದೊಡ್ಡಕ್ಷರ.

ಪೆನ್‌ಡ್ರೈವ್ ಬರ್ತಿಲ್ಲ ಅಂದ್ರೆ ಕರ್ನಲ್ ಕಂಪೈಲ್ ಮಾಡಲೇಬೇಕಾ?

ಸಾಮಾನ್ಯವಾಗಿ ಬೇಡ. ಉಬುಂಟು, ಡೆಬಿಯನ್, ಫೆಡೋರಾ ಯಾವುದನ್ನೇ ಹಾಕಿದ್ದರೂ ಪೆನ್‌ಡ್ರೈವ್‌ಗೆ ಬೇಕಾದದ್ದೆಲ್ಲ ಅವರ ಕರ್ನಲ್‌ನಲ್ಲೇ ಇರುತ್ತದೆ. ಅಲ್ಲಿ ಬರದಿದ್ದರೆ ತಪ್ಪು ಪೋರ್ಟ್‌ನದ್ದು, ಕೇಬಲ್‌ನದ್ದು ಅಥವಾ ಪೆನ್‌ಡ್ರೈವ್‌ನದ್ದೇ ಆಗಿರುವುದು ಜಾಸ್ತಿ.

ಕಂಪೈಲ್ ಮಾತು ಬರುವುದು ಕೆಲವು ಕಡೆ ಮಾತ್ರ. ನೀವೇ ಕರ್ನಲ್ ಚಿಕ್ಕದು ಮಾಡಲು ಹೋಗಿ ಏನನ್ನೋ ಕಿತ್ತು ಹಾಕಿದ್ದೀರಿ. ಅಥವಾ ಪೆನ್‌ಡ್ರೈವ್‌ನಿಂದಲೇ ಇಡೀ ಸಿಸ್ಟಮ್ ಬೂಟ್ ಆಗಬೇಕು. ಅಥವಾ ಪ್ರಾಜೆಕ್ಟ್‌ಗೆ ಅಂತ ಯಾವುದೋ ಸಣ್ಣ ಬೋರ್ಡ್ ತಂದಿದ್ದೀರಿ. ಕಲಿಯೋ ಆಸೆಯಿಂದ ಮಾಡುವವರೂ ಇದ್ದಾರೆ, ಅವರಿಗೆ ಬೇರೆ ಕಾರಣ ಬೇಕಾಗಿಲ್ಲ.

ಪೆನ್‌ಡ್ರೈವ್‌ಗೆ ಅಂತ ಒಂದು ಆಯ್ಕೆ ಇರುತ್ತಲ್ಲ, ಅದನ್ನ ಆನ್ ಮಾಡಿದ್ರೆ ಸಾಕಲ್ವಾ?

ಸಾಲದು. ಜನ ಎಡವುವುದು ಇಲ್ಲೇ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದ್ದೀರಲ್ಲ, ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಪೆನ್‌ಡ್ರೈವ್ ಒಳಗಿನ ಫೈಲ್ ನಿಮ್ಮ ಪರದೆಗೆ ಬರುವುದೂ ಹಾಗೇ. ಎಣಿಸಿದರೆ ಇದೂ ಏಳೇ ಸುತ್ತು, ನಾನು ಬೇಕಂತ ಹೊಂದಿಸಿದ್ದಲ್ಲ.

ಮೊದಲನೆಯದು ಯುಎಸ್‌ಬಿಯ ಮೂಲ ಬೆಂಬಲ. ಎರಡನೆಯದು ಮದರ್‌ಬೋರ್ಡ್ ಮೇಲಿನ ಹೋಸ್ಟ್ ಕಂಟ್ರೋಲರ್, ಅಂದರೆ ಯುಎಸ್‌ಬಿ ಪೋರ್ಟ್‌ಗಳನ್ನು ನಡೆಸುವ ಚಿಪ್, ಅದರ ಡ್ರೈವರ್. ಮೂರನೆಯದು ನೀವು ಹೇಳುತ್ತಿರುವ ಆ ಆಯ್ಕೆ, ಯುಎಸ್‌ಬಿ ಮಾಸ್ ಸ್ಟೋರೇಜ್. ನಾಲ್ಕನೆಯದು ಸ್ಕಸಿ ಡಿಸ್ಕ್. ಐದನೆಯದು ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕ್ ಯಾವ ಯಾವ ಭಾಗವಾಗಿದೆ ಅನ್ನೋದನ್ನು, ಓದುವುದು. ಆರನೆಯದು ಫ್ಯಾಟ್, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಥರದ ಫೈಲ್‌ಸಿಸ್ಟಮ್. ಏಳನೆಯದು ಫೈಲ್ ಹೆಸರಿನ ಅಕ್ಷರಗಳನ್ನು ತಿಳಿಯುವ ಎನ್‌ಎಲ್‌ಎಸ್. ಒಂದು ಮುಚ್ಚಿದ್ದರೂ ಅಲ್ಲಿಗೇ ನಿಲ್ಲುತ್ತದೆ.

ಸ್ಕಸಿ ಯಾಕೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಸ್ಕಸಿ ಅಂದರೆ ಹಿಂದೆ ದೊಡ್ಡ ಸರ್ವರ್‌ಗಳ ಡಿಸ್ಕ್‌ಗೆ ಬಳಸುತ್ತಿದ್ದ ದಪ್ಪ ಕೇಬಲ್ ಅಂತಲೇ ನೆನಪು. ಆದರೆ ಕೇಬಲ್ ಹೋದರೂ ಆ ಮಾತಿನ ಭಾಷೆ ಉಳಿಯಿತು. 'ಇಷ್ಟನೇ ಜಾಗದಿಂದ ಇಷ್ಟು ಓದು, ಇಷ್ಟು ಬರೆ' ಅಂತ ಪೆನ್‌ಡ್ರೈವ್‌ಗೆ ಹೇಳುವುದು ಸ್ಕಸಿ ಆದೇಶಗಳಲ್ಲೇ. ಯುಎಸ್‌ಬಿ ಮಾಸ್ ಸ್ಟೋರೇಜ್ ಡ್ರೈವರ್ ಆ ಆದೇಶಗಳನ್ನು ಯುಎಸ್‌ಬಿ ತಂತಿಯಲ್ಲಿ ಸಾಗಿಸುತ್ತದೆ ಅಷ್ಟೇ. ಅದಕ್ಕೇ ನಿಮ್ಮ ಪೆನ್‌ಡ್ರೈವ್ ಎಸ್‌ಡಿಬಿ, ಎಸ್‌ಡಿಸಿ ಅನ್ನೋ ಹೆಸರಲ್ಲಿ ಕಾಣಿಸಿಕೊಳ್ಳುವುದು.

ಯಾವ ಸುತ್ತಲ್ಲಿ ನಿಂತಿದೆ ಅಂತ ಹೇಗೆ ಗೊತ್ತಾಗುತ್ತೆ?

ಡಿಮೆಸೇಜ್ ನೋಡಿ, ಕರ್ನಲ್ ಹೇಳುವ ಸಂದೇಶಗಳನ್ನು ತೋರಿಸುವ ಕಮಾಂಡ್ ಅದು. ಡಿ, ಎಂ, ಇ, ಎಸ್, ಜಿ, ಐದೇ ಅಕ್ಷರ. 'ಸುಡೊ ಡಿಮೆಸೇಜ್ -ಡಬ್ಲ್ಯೂ' ಅಂತ ಕೊಟ್ಟು ಕಿಟಕಿ ತೆರೆದಿಟ್ಟು, ಆಮೇಲೆ ಪೆನ್‌ಡ್ರೈವ್ ಚುಚ್ಚಿ. ಸಾಲುಗಳು ಒಂದೊಂದಾಗಿ ಬೀಳುತ್ತವೆ.

ಏನೂ ಬೀಳಲೇ ಇಲ್ಲವೇ? ಮೊದಲ ಎರಡು ಸುತ್ತು, ಅಥವಾ ಪೋರ್ಟ್ ಸತ್ತಿದೆ. ಬೇರೆ ಪೋರ್ಟ್‌ಗೆ ಹಾಕಿ ನೋಡಿ. 'ನ್ಯೂ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್' ಅಂತ ಬಂದು ಅಲ್ಲಿಗೇ ಸುಮ್ಮನಾದರೆ ಮೂರನೇ ಸುತ್ತು. 'ಯುಎಸ್‌ಬಿ ಮಾಸ್ ಸ್ಟೋರೇಜ್ ಡಿವೈಸ್ ಡಿಟೆಕ್ಟೆಡ್' ಅಂತ ಬಂದೂ ಎಸ್‌ಡಿಬಿ ಹೆಸರು ಬರದಿದ್ದರೆ ನಾಲ್ಕನೆಯದು. ಎಸ್‌ಡಿಬಿ ಬಂದು ಎಸ್‌ಡಿಬಿ1 ಬರದಿದ್ದರೆ ಐದನೆಯದು ಇರಬಹುದು. ಆದರೆ ಕೆಲವು ಪೆನ್‌ಡ್ರೈವ್‌ಗೆ ಪಾರ್ಟಿಷನ್ನೇ ಇರುವುದಿಲ್ಲ, ಆಗ ಎಸ್‌ಡಿಬಿಯನ್ನೇ ನೇರವಾಗಿ ಮೌಂಟ್ ಮಾಡಿ ನೋಡಿ (ಮೌಂಟ್ ಅಂದರೆ ಅದರ ಫೈಲ್‌ಗಳು ಒಂದು ಫೋಲ್ಡರ್‌ನಲ್ಲಿ ಕಾಣುವ ಹಾಗೆ ಜೋಡಿಸುವುದು). ಮೌಂಟ್ ಮಾಡುವಾಗ 'ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್' ಅಂದರೆ ಆರನೆಯದು. 'ಐಓ ಚಾರ್‌ಸೆಟ್ ನಾಟ್ ಫೌಂಡ್' ಅಥವಾ 'ಕೋಡ್‌ಪೇಜ್ ನಾಟ್ ಫೌಂಡ್' ಅಂದರೆ ಏಳನೆಯದು, ಕೋಟೆ ತುದಿಗೆ ಬಂದು ಜಾರಿದ ಹಾಗೆ.

ಈ ಐದು ನಿಮಿಷದ ಕೆಲಸ ಮಾಡದೆ ರಾತ್ರಿಯಿಡೀ ಕಂಪೈಲ್ ಮಾಡಿ, ಬೆಳಿಗ್ಗೆ ನೋಡಿದರೆ ಪೋರ್ಟ್ ಒಳಗೆ ಧೂಳು ಕೂತಿದ್ದ ಪ್ರಸಂಗ ಕಂಡಿದ್ದೇನೆ.

ನನ್ನ ಈಗಿನ ಕರ್ನಲ್‌ನಲ್ಲಿ ಏನೇನು ಆನ್ ಇದೆ ಅಂತ ಎಲ್ಲಿ ನೋಡೋದು?

ಬೂಟ್ ಫೋಲ್ಡರ್‌ನಲ್ಲಿ 'ಕಾನ್ಫಿಗ್-' ಅಂತ ಶುರುವಾಗುವ ಫೈಲ್ ಇರುತ್ತದೆ. ಹಿಂದೆ ಕರ್ನಲ್ ಆವೃತ್ತಿ ಅಂಟಿಕೊಂಡಿರುತ್ತದೆ. ಅದರಲ್ಲಿ 'ಯುಎಸ್‌ಬಿ_ಸ್ಟೋರೇಜ್' ಹುಡುಕಿ. ಮುಂದೆ ವೈ ಅಂತ ಇದ್ದರೆ ಕರ್ನಲ್ ಒಳಗೇ ಬೆಸೆದಿದೆ. ಎಂ ಅಂತ ಇದ್ದರೆ ಮಾಡ್ಯೂಲ್, ಬೇಕಾದಾಗ ಲೋಡ್ ಆಗುತ್ತದೆ. 'ಈಸ್ ನಾಟ್ ಸೆಟ್' ಅಂತ ಇದ್ದರೆ ಇಲ್ಲವೇ ಇಲ್ಲ. ಕೆಲವು ಕರ್ನಲ್‌ಗಳಲ್ಲಿ ಪ್ರೋಕ್ ಫೋಲ್ಡರ್ ಒಳಗೆ 'ಕಾನ್ಫಿಗ್.ಜಿಝೆಡ್' ಇರುತ್ತದೆ, ಅದನ್ನು 'ಝೆಡ್‌ಗ್ರೆಪ್'ನಿಂದ ಓದಬಹುದು.

ಮೆನುಕಾನ್ಫಿಗ್‌ನಲ್ಲಿ ಎಲ್ಲೆಲ್ಲಿ ಏನೇನು ಒತ್ತಬೇಕು?

ಕರ್ನಲ್ ಸೋರ್ಸ್ ಫೋಲ್ಡರ್‌ನಲ್ಲಿ 'ಮೇಕ್ ಮೆನುಕಾನ್ಫಿಗ್' ಕೊಡಿ, ಕಾನ್ಫಿಗ್ ಆಯ್ಕೆಗಳ ಮೆನು ತೆರೆಯುತ್ತದೆ. ಅದಕ್ಕೆ ಮೊದಲು ಜಿಸಿಸಿ, ಮೇಕ್, ಫ್ಲೆಕ್ಸ್, ಬೈಸನ್, ಬಿಸಿ, ಜೊತೆಗೆ ಎನ್‌ಕರ್ಸಸ್, ಓಪನ್‌ಎಸ್‌ಎಸ್‌ಎಲ್, ಲಿಬ್‌ಎಲ್ಫ್ ಇವುಗಳ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಂಡಿರಬೇಕು.

ಡಿವೈಸ್ ಡ್ರೈವರ್ಸ್ ಒಳಗೆ ಹೋಗಿ. ಅಲ್ಲಿ ಮೊದಲು ಸ್ಕಸಿ ಡಿವೈಸ್ ಸಪೋರ್ಟ್ ತೆರೆದು ಸ್ಕಸಿಯನ್ನೂ, ಅದರ ಕೆಳಗಿನ ಸ್ಕಸಿ ಡಿಸ್ಕ್ ಸಪೋರ್ಟನ್ನೂ ಆರಿಸಿ. ಆಮೇಲೆ ಯುಎಸ್‌ಬಿ ಸಪೋರ್ಟ್‌ಗೆ ಬನ್ನಿ. ಹೋಸ್ಟ್-ಸೈಡ್ ಯುಎಸ್‌ಬಿ, ನಿಮ್ಮ ಕಂಟ್ರೋಲರ್, ಕೊನೆಗೆ ಯುಎಸ್‌ಬಿ ಮಾಸ್ ಸ್ಟೋರೇಜ್. ಈ ಅನುಕ್ರಮ ಯಾಕೆ ಅಂದರೆ, ಸ್ಕಸಿ ಆಫ್ ಇದ್ದರೆ ಮಾಸ್ ಸ್ಟೋರೇಜ್ ಅನ್ನೋ ಸಾಲೇ ಕಾಣಿಸುವುದಿಲ್ಲ. "ನನ್ನ ಕರ್ನಲ್‌ನಲ್ಲಿ ಆ ಆಯ್ಕೆನೇ ಇಲ್ಲ" ಅಂತ ಹೇಳುವವರ ಕಥೆ ಇದು. ಸ್ಲ್ಯಾಶ್ ಒತ್ತಿ ಹೆಸರು ಹುಡುಕಿದರೆ, ಅದು ಎಲ್ಲಿದೆ, ಯಾವುದರ ಮೇಲೆ ನಿಂತಿದೆ ಅಂತ ಕರ್ನಲ್ಲೇ ಹೇಳುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಮಾಸ್ ಸ್ಟೋರೇಜ್‌ಗೆ ಸ್ಕಸಿ ಬೇಕು ಅಂತ ಕರ್ನಲ್ ಹಟ ಹಿಡಿಯುತ್ತದೆ. ಆದರೆ ಸ್ಕಸಿ ಡಿಸ್ಕ್, ಅಂದರೆ 'ಬಿಎಲ್‌ಕೆ_ಡೆವ್_ಎಸ್‌ಡಿ', ಬೇಕು ಅಂತ ಹಟ ಹಿಡಿಯುವುದಿಲ್ಲ, ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿ ಬಿಟ್ಟುಬಿಡುತ್ತದೆ. ಆ ಟಿಪ್ಪಣಿ ಓದುವವರು ಕಡಿಮೆ. ಅದನ್ನು ಬಿಟ್ಟರೆ ಪೆನ್‌ಡ್ರೈವ್ ಗುರುತು ಸಿಗುತ್ತದೆ, ಎಸ್‌ಡಿಬಿ ಮಾತ್ರ ಹುಟ್ಟುವುದೇ ಇಲ್ಲ.

ಓಎಚ್‌ಸಿಐ, ಯುಎಚ್‌ಸಿಐ, ಇಎಚ್‌ಸಿಐ, ಎಕ್ಸ್‌ಎಚ್‌ಸಿಐ. ಇದರಲ್ಲಿ ನನಗೆ ಯಾವುದು?

ಎರಡನೇ ಸುತ್ತಿನ ಹೋಸ್ಟ್ ಕಂಟ್ರೋಲರ್‌ನ ನಾಲ್ಕು ಬಗೆಗಳಿವು. ಗೊತ್ತಿಲ್ಲದಿದ್ದರೆ ನಾಲ್ಕನ್ನೂ ಹಾಕಿ, ಏನೂ ನಷ್ಟ ಇಲ್ಲ. ಗೊತ್ತಾಗಬೇಕು ಅಂದರೆ 'ಎಲ್‌ಎಸ್‌ಪಿಸಿಐ -ವಿ' ಕೊಟ್ಟು ಯುಎಸ್‌ಬಿ ಸಾಲು ನೋಡಿ.

ಮೊದಲ ಎರಡು ಯುಎಸ್‌ಬಿ 1.1 ಕಾಲದವು, ಸೆಕೆಂಡಿಗೆ 12 ಮೆಗಾಬಿಟ್. ಇಂಟೆಲ್ ಮತ್ತು ವಿಯಾ ಚಿಪ್‌ಸೆಟ್‌ಗಳಲ್ಲಿ ಯುಎಚ್‌ಸಿಐ, ಮಿಕ್ಕವರದ್ದು ಸಾಮಾನ್ಯವಾಗಿ ಓಎಚ್‌ಸಿಐ. ಇಎಚ್‌ಸಿಐ ಯುಎಸ್‌ಬಿ 2.0ಗೆ, 480 ಮೆಗಾಬಿಟ್. ಎಕ್ಸ್‌ಎಚ್‌ಸಿಐ ಯುಎಸ್‌ಬಿ 3.0 ಮತ್ತು ಆಮೇಲಿನದಕ್ಕೆ, 5 ಗಿಗಾಬಿಟ್‌ನಿಂದ ಶುರು. ಯುಎಸ್‌ಬಿ 3.0ಗೆ ಲಿನಕ್ಸ್‌ನಲ್ಲಿ ಬೆಂಬಲ ಬಂದದ್ದು 2009ರಲ್ಲಿ, 2.6.31ನೇ ಕರ್ನಲ್‌ನಲ್ಲಿ. ಆ ಡ್ರೈವರ್ ಬರೆದವರು ಸೇಜ್ ಶಾರ್ಪ್. ಆ ಹೊತ್ತಿಗೆ ಬೇರೆ ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲೂ ಅದು ಇರಲಿಲ್ಲ ಅನ್ನೋದು ನಮಗೆಲ್ಲ ಸ್ವಲ್ಪ ಜಂಬದ ವಿಷಯ.

ಒಮ್ಮೆ ನಾನೇ ಜಾಣತನ ಮಾಡಿದ್ದೆ. ಪೆಂಟಿಯಂ 4 ಕಾಲದ ಒಂದು ಪಿಸಿ. ಯುಎಸ್‌ಬಿ 2.0 ಇದೆಯಲ್ಲ, ಹಳೇದು ಯಾಕೆ ಅಂತ ಇಎಚ್‌ಸಿಐ ಒಂದನ್ನೇ ಬಿಟ್ಟು ಯುಎಚ್‌ಸಿಐ ತೆಗೆದೆ. ರೀಬೂಟ್ ಆದ ಮೇಲೆ ಪೆನ್‌ಡ್ರೈವ್ ಚೆನ್ನಾಗಿಯೇ ಬಂತು. ಕೀಬೋರ್ಡ್ ಮತ್ತು ಮೌಸ್ ಮಾತ್ರ ಹೆಣದ ಹಾಗೆ ಬಿದ್ದಿದ್ದವು! ಆ ಕಾಲದ ಬೋರ್ಡ್‌ಗಳಲ್ಲಿ ಇಎಚ್‌ಸಿಐ ನಿಧಾನದ ಸಾಧನಗಳನ್ನು ತಾನು ಮುಟ್ಟುವುದಿಲ್ಲ, ಪಕ್ಕದ ಹಳೆಯ ಕಂಟ್ರೋಲರ್‌ಗೆ ದಾಟಿಸುತ್ತದೆ. ದಾಟಿಸಿಕೊಳ್ಳಲು ನಾನು ಯಾರನ್ನೂ ಉಳಿಸಿರಲಿಲ್ಲ. ಕೊನೆಗೆ ದುಂಡು ಪಿನ್ನಿನ ಹಳೆಯ ಪಿಎಸ್/2 ಕೀಬೋರ್ಡ್ ಹುಡುಕಿ ತಂದು ಸರಿಮಾಡಿದೆ.

ವೈ ಹಾಕಲಾ, ಎಂ ಹಾಕಲಾ?

ದಿನಬಳಕೆಗೆ ಎಂ ಸಾಕು. ಪೆನ್‌ಡ್ರೈವ್ ಚುಚ್ಚಿದಾಗ, ಹೊಸ ಸಾಧನಗಳನ್ನು ಗಮನಿಸುವ ಯುಡೆವ್ ಅನ್ನೋ ಪ್ರೋಗ್ರಾಮ್ ತಾನೇ ಮಾಡ್ಯೂಲ್ ಕರೆತರುತ್ತದೆ.

ಇಡೀ ಸಿಸ್ಟಮ್ಮೇ ಪೆನ್‌ಡ್ರೈವ್ ಮೇಲಿದ್ದರೆ ಲೆಕ್ಕ ಬೇರೆ. ಮಾಡ್ಯೂಲ್ ಫೈಲ್‌ಗಳು ಇರುವುದು ಪೆನ್‌ಡ್ರೈವ್‌ನಲ್ಲಿ, ಪೆನ್‌ಡ್ರೈವ್ ಓದಲು ಬೇಕಾಗಿರುವುದು ಅದೇ ಮಾಡ್ಯೂಲ್. ಮನೆ ಬೀಗದ ಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಇನಿಟ್‌ರ್ಯಾಮ್‌ಎಫ್‌ಎಸ್, ಅಂದರೆ ಬೂಟ್ ಆಗುವಾಗ ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಸಣ್ಣ ಫೈಲ್ ಗಂಟು, ಬಳಸಿ ಮಾಡ್ಯೂಲ್‌ಗಳನ್ನು ಅದರೊಳಗೆ ಇಡಿ, ಇಲ್ಲವೇ ಏಳೂ ಸುತ್ತನ್ನು ವೈ ಮಾಡಿ.

ವೈ ಮಾಡಿಯೂ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಅಂತ ಪ್ಯಾನಿಕ್ ಆದರೆ ಹೆದರಬೇಡಿ. ಪೆನ್‌ಡ್ರೈವ್ ಎದ್ದೇಳಲು ಸ್ವಲ್ಪ ಹೊತ್ತು ಬೇಕು. ಮಾಸ್ ಸ್ಟೋರೇಜ್ ಡ್ರೈವರ್ ಕೂಡ ಒಂದು ಸೆಕೆಂಡ್ ತಡೆದೇ ಮಾತಾಡಿಸುತ್ತದೆ. ಕರ್ನಲ್ ಅಷ್ಟರೊಳಗೆ ರೂಟ್, ಅಂದರೆ ಸಿಸ್ಟಮ್ ಇರುವ ಪಾರ್ಟಿಷನ್, ಹುಡುಕಿ ಸೋತಿರುತ್ತದೆ. ಬೂಟ್ ಸಾಲಿನ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ಕೊನೆಗೆ 'ರೂಟ್‌ವೇಟ್' ಅಂತ ಸೇರಿಸಿ, ಸಿಗುವವರೆಗೂ ಕಾಯುತ್ತದೆ. ರೂಟ್ ಹೆಸರನ್ನು ಎಸ್‌ಡಿಬಿ1 ಅಂತ ಕೊಡಬೇಡಿ. ಇನ್ನೊಂದು ಡಿಸ್ಕ್ ಹಾಕಿದ ದಿನ ಅದು ಎಸ್‌ಡಿಸಿ1 ಆಗುತ್ತದೆ. ಪಾರ್ಟ್‌ಯುಯುಐಡಿ, ಅಂದರೆ ಆ ಪಾರ್ಟಿಷನ್ನಿನದೇ ಗುರುತಿನ ಸಂಖ್ಯೆ, ಕೊಡಿ. ಬರೀ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತು) ಅರ್ಥವಾಗಬೇಕಾದರೆ ಇನಿಟ್‌ರ್ಯಾಮ್‌ಎಫ್‌ಎಸ್ ಇರಲೇಬೇಕು.

ಲೋಕಲ್‌ಮಾಡ್‌ಕಾನ್ಫಿಗ್ ಕೊಟ್ಟು ಕಂಪೈಲ್ ಮಾಡ್ದೆ ಅಣ್ಣ. ಎಲ್ಲ ಬಂತು, ಪೆನ್‌ಡ್ರೈವ್ ಒಂದೇ ಬರ್ತಿಲ್ಲ.

ಇಂಜಿನಿಯರಿಂಗ್ ಹುಡುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಮತ್ತು ಇಲ್ಲಿ ನಿಜಕ್ಕೂ ಕರ್ನಲ್ ಕಾನ್ಫಿಗ್‌ನದ್ದೇ ತಪ್ಪು.

'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಒಳ್ಳೆಯ ಸೌಕರ್ಯ. ಈ ಕ್ಷಣದಲ್ಲಿ ಯಾವ ಮಾಡ್ಯೂಲ್‌ಗಳು ಲೋಡ್ ಆಗಿವೆಯೋ ಅವನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ತೆಗೆಯುತ್ತದೆ. ಗಂಟೆಗಟ್ಟಲೆ ಹಿಡಿಯುವ ಕಂಪೈಲ್ ಎಷ್ಟೋ ಪಾಲು ಬೇಗ ಮುಗಿಯುತ್ತದೆ. ಆದರೆ 'ಈ ಕ್ಷಣ' ಅನ್ನೋದನ್ನು ಗಮನಿಸಿ. ಆ ಹೊತ್ತಿಗೆ ಪೆನ್‌ಡ್ರೈವ್ ನಿಮ್ಮ ಬ್ಯಾಗಲ್ಲಿತ್ತು. ಮಾಸ್ ಸ್ಟೋರೇಜ್ ಮಾಡ್ಯೂಲ್ ಲೋಡ್ ಆಗಿರಲಿಲ್ಲ. ಅದು ನಿಮಗೆ ಬೇಡ ಅಂತ ಕರ್ನಲ್ ತಿಳಿದುಕೊಂಡಿತು. ಪಂಕ್ತಿಯಲ್ಲಿ ಕೂತವರನ್ನು ಎಣಿಸಿ ಎಲೆ ಹಾಕಿದ ಹಾಗೆ, ಕೈ ತೊಳೆಯಲು ಹೋದವನಿಗೆ ಊಟ ಇಲ್ಲ.

ಹಾಗಾಗಿ ಆ ಕಮಾಂಡ್ ಕೊಡುವ ಮೊದಲು ನಿಮ್ಮ ಹತ್ತಿರ ಇರುವುದನ್ನೆಲ್ಲ ಒಮ್ಮೆ ಚುಚ್ಚಿ. ಪೆನ್‌ಡ್ರೈವ್, ಪೋರ್ಟಬಲ್ ಹಾರ್ಡ್‌ಡಿಸ್ಕ್, ಕಾರ್ಡ್ ರೀಡರ್, ಪ್ರಿಂಟರ್. ಚುಚ್ಚಿದರೆ ಸಾಲದು, ಮೌಂಟ್ ಕೂಡ ಮಾಡಿ. ಫ್ಯಾಟ್, ಎಕ್ಸ್‌ಫ್ಯಾಟ್ ಮತ್ತು ಎನ್‌ಎಲ್‌ಎಸ್ ಮಾಡ್ಯೂಲ್‌ಗಳು ಲೋಡ್ ಆಗುವುದು ಮೌಂಟ್ ಮಾಡಿದಾಗಲೇ. ಎನ್‌ಟಿಎಫ್‌ಎಸ್ ಪೆನ್‌ಡ್ರೈವ್ ಒಂದನ್ನು ಸ್ನೇಹಿತರಿಂದ ಕಡ ತಂದಾದರೂ ಹಾಕಿ. ಈಗಾಗಲೇ ಕಂಪೈಲ್ ಆಗಿಹೋಗಿದ್ದರೆ ಹಳೆಯ ಕರ್ನಲ್‌ಗೆ ಬೂಟ್ ಆಗಿ, ಇಷ್ಟೂ ಮಾಡಿ, ಮತ್ತೊಮ್ಮೆ ಶುರುಮಾಡಿ.

ಕಂಪೈಲ್ ಮಧ್ಯೆ ಕರೆಂಟ್ ಹೋಯ್ತು. ಮೊದಲಿಂದ ಮಾಡಬೇಕಾ?

ಬೇಡ. ಮತ್ತೆ 'ಮೇಕ್' ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲ್ ಅರ್ಧಂಬರ್ಧ ಆಗಿದ್ದರೆ ವಿಚಿತ್ರ ಎರರ್ ಬರುತ್ತದೆ. ಆಗ ಆ ಒಂದು .ಓ ಫೈಲ್ ಅಳಿಸಿ ಮುಂದುವರಿಸಿ. ಅದೂ ಆಗದಿದ್ದರೆ 'ಮೇಕ್ ಕ್ಲೀನ್'. ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ದೊಡ್ಡ ಕಂಪೈಲ್‌ಗೆ ಕೈ ಹಾಕದಿರುವುದು ವಾಸಿ.

'ನೋ ರೂಲ್ ಟು ಮೇಕ್ ಟಾರ್ಗೆಟ್' ಅಂತ ಯಾವುದೋ ಸರ್ಟಿಫಿಕೇಟ್ ಹೆಸರು ಹೇಳಿ ನಿಲ್ಲುತ್ತೆ.

ಉಬುಂಟು ಅಥವಾ ಡೆಬಿಯನ್‌ನ ಕಾನ್ಫಿಗ್ ನಕಲು ಮಾಡಿದ್ದೀರಿ. ಅದರಲ್ಲಿ ಅವರ ಸಹಿಯ ಫೈಲ್ ಹೆಸರಿದೆ, ಆ ಫೈಲ್ ನಿಮ್ಮಲ್ಲಿಲ್ಲ. 'ಸಿಸ್ಟಮ್_ಟ್ರಸ್ಟೆಡ್_ಕೀಸ್' ಮತ್ತು 'ಸಿಸ್ಟಮ್_ರಿವೊಕೇಶನ್_ಕೀಸ್' ಎರಡನ್ನೂ ಖಾಲಿ ಮಾಡಿ.

ಪೆನ್‌ಡ್ರೈವ್ ಬಂತು, ಆದ್ರೆ ಕನ್ನಡದ ಫೈಲ್ ಹೆಸರೆಲ್ಲ ಪ್ರಶ್ನೆ ಚಿಹ್ನೆ ಆಗಿದೆ!

ಡಿಟಿಪಿ ಅಂಗಡಿಯವರ ಕಷ್ಟ ಇದು. ಏಳನೇ ಸುತ್ತು.

ಫ್ಯಾಟ್ ಪೆನ್‌ಡ್ರೈವ್‌ನಲ್ಲಿ ಉದ್ದದ ಹೆಸರುಗಳು ಯೂನಿಕೋಡ್‌ನಲ್ಲೇ ಕೂತಿರುತ್ತವೆ. 'ಲಗ್ನಪತ್ರಿಕೆ' ಅನ್ನೋ ಹೆಸರು ಅಲ್ಲಿ ಸರಿಯಾಗಿಯೇ ಇದೆ. ಅದನ್ನು ನಿಮಗೆ ತೋರಿಸುವಾಗ ಕರ್ನಲ್ ಒಂದು ಅಕ್ಷರಕೋಷ್ಟಕ ಬಳಸುತ್ತದೆ. ಬೇರೇನೂ ಹೇಳದಿದ್ದರೆ ಆ ಕೋಷ್ಟಕ ಐಎಸ್‌ಓ 8859-1, ಪಶ್ಚಿಮ ಯುರೋಪಿನ ಅಕ್ಷರಗಳದ್ದು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಜಾಗ ಸಿಗದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ ಚಿಹ್ನೆ.

ಡೆಸ್ಕ್‌ಟಾಪ್‌ನಲ್ಲಿ ಕ್ಲಿಕ್ ಮಾಡಿ ತೆರೆದರೆ ಈ ತೊಂದರೆ ಬರುವುದಿಲ್ಲ. ಅಲ್ಲಿ ಯುಡಿಸ್ಕ್ಸ್ ಅನ್ನೋ ಪ್ರೋಗ್ರಾಮ್ ನಿಮ್ಮ ಪರವಾಗಿ 'ಯುಟಿಎಫ್8' ಆಯ್ಕೆ ಕೊಟ್ಟು ಮೌಂಟ್ ಮಾಡುತ್ತದೆ. ಟರ್ಮಿನಲ್‌ನಲ್ಲಿ ಕೈಯಾರೆ ಮೌಂಟ್ ಮಾಡುವವರಿಗೇ ಇದು ಕಾಡುವುದು. ಪರಿಹಾರ ಎರಡು. ಮೌಂಟ್ ಮಾಡುವಾಗ '-ಓ ಯುಟಿಎಫ್8' ಸೇರಿಸಿ. ಅಥವಾ ಕರ್ನಲ್‌ನಲ್ಲೇ 'ಫ್ಯಾಟ್_ಡಿಫಾಲ್ಟ್_ಯುಟಿಎಫ್8' ಆನ್ ಮಾಡಿ, ಆಮೇಲೆ ಪ್ರತಿ ಸಲ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದನ್ನು ಆನ್ ಮಾಡಿಯೇ ಕೊಡುತ್ತೇನೆ.

'ಐಓಚಾರ್‌ಸೆಟ್=ಯುಟಿಎಫ್8' ಅಂತ ಕೊಡುವವರೂ ಇದ್ದಾರೆ. ಕನ್ನಡ ಬರುತ್ತದೆ ನಿಜ. ಆದರೆ ಆಗ ಇಂಗ್ಲಿಷ್ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಆಗಿಬಿಡುತ್ತವೆ, ಫ್ಯಾಟ್‌ಗೆ ಅದು ಒಗ್ಗುವುದಿಲ್ಲ. ಬೇಡ ಅಂತ ಕರ್ನಲ್ ಸ್ವತಃ ಡಿಮೆಸೇಜ್‌ನಲ್ಲಿ ಎಚ್ಚರಿಸುತ್ತದೆ.

ಕೋಡ್‌ಪೇಜ್ 437 ಮತ್ತು ಐಎಸ್‌ಓ 8859-1 ನಮಗ್ಯಾಕೆ ಅಂತ ತೆಗೆದು ಹಾಕಬೇಡಿ. ಹಳೆಯ ಎಂಟು-ಮೂರು ಅಕ್ಷರದ ಚಿಕ್ಕ ಹೆಸರುಗಳಿಗೆ ಮೊದಲನೆಯದು ಬೇಕು. ಡಿಫಾಲ್ಟ್ ಆಗಿ ಹೆಸರಿಸಿದ ಕೋಷ್ಟಕ ಸಿಗದಿದ್ದರೆ ಮೌಂಟೇ ಆಗುವುದಿಲ್ಲ.

ಪೆನ್‌ಡ್ರೈವ್‌ನಲ್ಲಿದ್ದ ಫೈಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡೋಕೆ ಹೋದ್ರೆ ಹೆಸರು ಉದ್ದ ಆಯ್ತು ಅನ್ನುತ್ತೆ. ಅಲ್ಲಿ ಇತ್ತಲ್ಲ?

ಹೌದು, ಅಲ್ಲಿ ಹಿಡಿಸುತ್ತದೆ, ಇಲ್ಲಿ ಹಿಡಿಸುವುದಿಲ್ಲ. ಫ್ಯಾಟ್‌ನಲ್ಲಿ ಹೆಸರಿಗೆ 255 ಯೂನಿಕೋಡ್ ಸಂಕೇತಗಳವರೆಗೆ ಜಾಗ. ಲಿನಕ್ಸ್ ಹಾರ್ಡ್‌ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಇರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ 255 ಬೈಟ್. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅಂದರೆ 85ಕ್ಕೆ ಮುಗಿಯಿತು. 'ದಾವಣಗೆರೆ' ನೋಡಲು ಐದು ಅಕ್ಷರ, ಒಳಗೆ 8 ಸಂಕೇತ, 24 ಬೈಟ್. ಒತ್ತಕ್ಷರ ಬಂದರೆ ಇನ್ನೂ ದುಬಾರಿ, 'ಕ್ಷ' ಒಂದೇ 9 ಬೈಟ್ ತಿನ್ನುತ್ತದೆ. ವಧು, ವರ, ಇಬ್ಬರ ಊರು, ಮಂಟಪ ಎಲ್ಲವನ್ನೂ ಫೈಲ್ ಹೆಸರಲ್ಲೇ ಬರೆಯುವ ಅಭ್ಯಾಸ ಇದ್ದರೆ ಸ್ವಲ್ಪ ಕಡಿಮೆ ಮಾಡಿ.

ಫೈಲ್ ಒಳಗೆ ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಅಕ್ಷರಗಳು ಗೋಜಲಾಗಿ ಕಂಡರೆ ಅದಕ್ಕೂ ಕರ್ನಲ್‌ಗೂ ಸಂಬಂಧ ಇಲ್ಲ. ಅವು ಯೂನಿಕೋಡ್ ಅಲ್ಲ, ಆ ಫಾಂಟ್ ಬೇಕು ಅಥವಾ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಮದುವೆ ವಿಡಿಯೋ ಪೆನ್‌ಡ್ರೈವ್‌ಗೆ ಹೋಗ್ತಿಲ್ಲ. 30 ಜಿಬಿ ಖಾಲಿ ಇದೆ.

ಫ್ಯಾಟ್32ನಲ್ಲಿ ಒಂದೇ ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಕರ್ನಲ್ 5.7ರಿಂದ, ಅಂದರೆ 2020ರಿಂದ, ಸ್ಯಾಮ್‌ಸಂಗ್ ಬರೆದ ಎಕ್ಸ್‌ಫ್ಯಾಟ್ ಡ್ರೈವರ್ ಕರ್ನಲ್ ಒಳಗೇ ಇದೆ. ಎನ್‌ಟಿಎಫ್‌ಎಸ್‌ಗೆ ಬರೆಯಲೂ ಬರುವ ಎನ್‌ಟಿಎಫ್‌ಎಸ್3 ಡ್ರೈವರ್ 5.15ರಲ್ಲಿ, 2021ರಲ್ಲಿ ಸೇರಿತು. ವಿಂಡೋಸ್‌ನಲ್ಲಿ ಸರಿಯಾಗಿ ಇಜೆಕ್ಟ್ ಮಾಡದೆ ಕಿತ್ತು ತಂದ ಎನ್‌ಟಿಎಫ್‌ಎಸ್ ಡಿಸ್ಕನ್ನು ಅದು ಮೌಂಟ್ ಮಾಡಲು ಒಪ್ಪುವುದಿಲ್ಲ. ಮತ್ತೆ ವಿಂಡೋಸ್‌ಗೆ ಹಾಕಿ ಚೆಕ್ ಮಾಡಿಸಿ ತರುವುದೇ ಸರಿಯಾದ ದಾರಿ.

ಕಾಪಿ ಮುಗೀತು ಅಂತ ತೋರಿಸ್ತು, ತೆಗೆದು ಪ್ರೆಸ್‌ಗೆ ಕೊಟ್ಟೆ. ಅಲ್ಲಿ ಫೈಲ್ ಹಾಳಾಗಿದೆ ಅಂತಾರೆ.

ಪರದೆ ಮುಗೀತು ಅಂದದ್ದು ಮೆಮೊರಿಗೆ ಬರೆದದ್ದನ್ನು. ಲಿನಕ್ಸ್ ಫೈಲನ್ನು ಮೊದಲು ರ್ಯಾಮ್‌ನಲ್ಲಿ ಇಟ್ಟುಕೊಂಡು ಆಮೇಲೆ ನಿಧಾನಕ್ಕೆ ಪೆನ್‌ಡ್ರೈವ್‌ಗೆ ಇಳಿಸುತ್ತದೆ. ಮಾಮೂಲಿ ಲೆಕ್ಕದಲ್ಲಿ, ಬಳಸಲು ಸಿಗುವ ಮೆಮೊರಿಯ ನೂರಕ್ಕೆ 20ರವರೆಗೆ ಹೀಗೆ ಬಾಕಿ ಇರಬಹುದು. 3 ಜಿಬಿ ಇದ್ದರೆ 600 ಎಂಬಿ. ಸೆಕೆಂಡಿಗೆ 5 ಎಂಬಿ ಬರೆಯುವ ಅಗ್ಗದ ಪೆನ್‌ಡ್ರೈವ್ ಆದರೆ ಅಷ್ಟು ಇಳಿಯಲು ಎರಡು ನಿಮಿಷ. ಆ ಎರಡು ನಿಮಿಷದಲ್ಲೇ ನೀವು ಕಿತ್ತಿರಿ. ಅಥವಾ ಕರೆಂಟ್ ಹೋಯಿತು.

ಕೀಳುವ ಮೊದಲು ಇಜೆಕ್ಟ್ ಒತ್ತಿ, ಅದು ಆಯಿತು ಅನ್ನುವವರೆಗೆ ಕಾಯಿರಿ. ಟರ್ಮಿನಲ್‌ನಲ್ಲಾದರೆ 'ಸಿಂಕ್'. ಎಷ್ಟು ಬಾಕಿ ಇದೆ ಅಂತ ಕುತೂಹಲ ಇದ್ದರೆ ಪ್ರೋಕ್ ಒಳಗಿನ 'ಮೆಮ್‌ಇನ್ಫೋ'ದಲ್ಲಿ 'ಡರ್ಟಿ' ಸಾಲು ನೋಡಿ.

ಅಂಗಡಿಯ ಯಂತ್ರದಲ್ಲಿ ಯಾರೂ ಕಾಯುವುದಿಲ್ಲ, ಗಿರಾಕಿ ತಲೆ ಮೇಲೆ ನಿಂತಿರುತ್ತಾನೆ. ಅಲ್ಲಿ ನಾನು 'ವಿಎಂ.ಡರ್ಟಿ_ಬೈಟ್ಸ್' ಅನ್ನು 5 ಕೋಟಿ ಬೈಟ್‌ಗೆ, 'ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್' ಅನ್ನು ಅದರ ಅರ್ಧಕ್ಕೆ ಇಳಿಸುತ್ತೇನೆ. ಇದಕ್ಕೆ ಕಂಪೈಲ್ ಬೇಡ, ಓಡುತ್ತಿರುವ ಕರ್ನಲ್‌ನ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ ಕಮಾಂಡ್ ಸಾಕು. ಆಗ ಕಾಪಿ ಪಟ್ಟಿ ನಿಜವಾದ ವೇಗದಲ್ಲಿ ಓಡುತ್ತದೆ, ಸುಳ್ಳು ಹೇಳುವುದು ಕಡಿಮೆಯಾಗುತ್ತದೆ. 'ಸಿಂಕ್' ಆಯ್ಕೆ ಕೊಟ್ಟು ಮೌಂಟ್ ಮಾಡಬಹುದು ಅಂತ ಕೆಲವರು ಹೇಳುತ್ತಾರೆ. ಬೇಡ. ತುಂಬಾ ನಿಧಾನ, ಮತ್ತು ಫ್ಯಾಟ್ ಪಟ್ಟಿ ಇರುವ ಜಾಗಕ್ಕೇ ಮತ್ತೆ ಮತ್ತೆ ಬರೆದು ಪೆನ್‌ಡ್ರೈವ್ ಬೇಗ ಸವೆಯುತ್ತದೆ.

ಪೋರ್ಟಬಲ್ ಹಾರ್ಡ್‌ಡಿಸ್ಕ್ ಸ್ವಲ್ಪ ಹೊತ್ತು ನಡೆದು ಆಮೇಲೆ ಹ್ಯಾಂಗ್ ಆಗುತ್ತೆ.

ಎರಡು ಸಂಶಯ. ಮೊದಲನೆಯದು ಪವರ್. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡುತ್ತದೆ, 3.0 ಪೋರ್ಟ್ 900. ಕ್ಯಾಬಿನೆಟ್ ಮುಂಭಾಗದ ಪೋರ್ಟ್‌ಗೆ ಸಡಿಲ ತಂತಿ ಬಂದಿರುತ್ತದೆ. ಡಿಮೆಸೇಜ್‌ನಲ್ಲಿ ಎರರ್ -71 ಅಥವಾ -110 ಕಂಡರೆ ಕಾನ್ಫಿಗ್ ಮುಟ್ಟಬೇಡಿ. ಹಿಂದಿನ ಪೋರ್ಟ್‌ಗೆ ನೇರ ಹಾಕಿ, ಗಿಡ್ಡ ಕೇಬಲ್ ಬಳಸಿ.

ಎರಡನೆಯದು ಯುಎಎಸ್, ಡಿಸ್ಕ್ ಜೊತೆ ಮಾತಾಡುವ ಹೊಸ ವಿಧಾನ. ಹಳೆಯ ಮಾಸ್ ಸ್ಟೋರೇಜ್ ವಿಧಾನದಲ್ಲಿ ಒಂದು ಆದೇಶ ಮುಗಿದ ಮೇಲೆ ಇನ್ನೊಂದು. ಯುಎಎಸ್‌ನಲ್ಲಿ ಹಲವು ಆದೇಶಗಳನ್ನು ಒಟ್ಟಿಗೆ ಸಾಲಿಗೆ ಬಿಡಬಹುದು, ಅದಕ್ಕೇ ಎಸ್‌ಎಸ್‌ಡಿಗಳಿಗೆ ವೇಗ ಜಾಸ್ತಿ. ಕೆಲವು ಡಬ್ಬಿಗಳ ಒಳಗಿನ ಚಿಪ್‌ಗೆ ಅದು ಸರಿಯಾಗಿ ಬರುವುದಿಲ್ಲ, ಆದರೂ ಬರುತ್ತದೆ ಅಂತ ಹೇಳಿಕೊಳ್ಳುತ್ತದೆ. 'ಎಲ್‌ಎಸ್‌ಯುಎಸ್‌ಬಿ -ಟಿ' ಕೊಟ್ಟರೆ ಯಾವ ಡ್ರೈವರ್ ಹಿಡಿದಿದೆ, ವೇಗ 480 ಇದೆಯೋ 5000 ಇದೆಯೋ ಕಾಣುತ್ತದೆ. ಯುಎಎಸ್ ಇದ್ದರೆ ಆ ಒಂದು ಸಾಧನಕ್ಕೆ ಮಾತ್ರ ಅದನ್ನು ತಪ್ಪಿಸಿ: ಬೂಟ್ ಸಾಲಿನಲ್ಲಿ 'ಯುಎಸ್‌ಬಿ-ಸ್ಟೋರೇಜ್.ಕ್ವರ್ಕ್ಸ್=', ಅದರ ಮುಂದೆ ಎಲ್‌ಎಸ್‌ಯುಎಸ್‌ಬಿ ತೋರಿಸುವ ಎರಡು ನಾಲ್ಕಂಕಿ ಗುರುತುಗಳು, ಕೊನೆಗೆ 'ಯು' ಅಕ್ಷರ, ಇವುಗಳ ನಡುವೆ ಒಂದೊಂದು ಕೋಲನ್ (:). ಇಡೀ ಯುಎಎಸ್ಸನ್ನೇ ಕರ್ನಲ್‌ನಿಂದ ಕೀಳುವುದು ನೆಗಡಿಗೆ ಮೂಗು ಕೊಯ್ದ ಹಾಗೆ.

512 ಜಿಬಿ ಪೆನ್‌ಡ್ರೈವ್ ಭಾರಿ ಅಗ್ಗಕ್ಕೆ ಸಿಕ್ತು. ಅರ್ಧ ತುಂಬಿದ ಮೇಲೆ ಫೈಲ್ ಎಲ್ಲ ಹಾಳು.

ನಕಲಿ. ಎಫ್3 ಅನ್ನೋ ಪ್ರೋಗ್ರಾಮ್ ಹಾಕಿಕೊಂಡು 'ಎಫ್3ರೈಟ್', ಆಮೇಲೆ 'ಎಫ್3ರೀಡ್' ಓಡಿಸಿ. ನಿಜವಾದ ಜಾಗ ಎಷ್ಟು ಅಂತ ಹೇಳುತ್ತದೆ. ಇದಕ್ಕೆ ಯಾವ ಕಾನ್ಫಿಗ್ಗೂ ಮದ್ದಲ್ಲ.

ಲ್ಯಾಬ್‌ನಲ್ಲಿ ಪರೀಕ್ಷೆ ಹೊತ್ತಿಗೆ ಪೆನ್‌ಡ್ರೈವ್ ಬಂದ್ ಮಾಡಬೇಕು. ಬ್ಲ್ಯಾಕ್‌ಲಿಸ್ಟ್ ಮಾಡಿದ್ರೂ ಬರ್ತಿದೆ.

ಬಹುಶಃ ನಿಮ್ಮ ಕರ್ನಲ್‌ನಲ್ಲಿ ಯುಎಸ್‌ಬಿ_ಸ್ಟೋರೇಜ್ ವೈ ಆಗಿದೆ. ಒಳಗೇ ಬೆಸೆದದ್ದನ್ನು ಬ್ಲ್ಯಾಕ್‌ಲಿಸ್ಟ್ ಏನೂ ಮಾಡಲಾರದು. ಅದನ್ನು ಎಂ ಮಾಡಿ, ಆಮೇಲೆ ಇಟಿಸಿಯ 'ಮಾಡ್‌ಪ್ರೋಬ್.ಡಿ' ಒಳಗೆ 'ಇನ್‌ಸ್ಟಾಲ್ ಯುಎಸ್‌ಬಿ-ಸ್ಟೋರೇಜ್ /ಬಿನ್/ಫಾಲ್ಸ್' ಅಂತ ಒಂದು ಸಾಲು, ಯುಎಎಸ್‌ಗೂ ಅಂಥದ್ದೇ ಇನ್ನೊಂದು ಸಾಲು ಬರೆಯಿರಿ. ಬರೀ ಬ್ಲ್ಯಾಕ್‌ಲಿಸ್ಟ್‌ಗಿಂತ ಇದು ಗಟ್ಟಿ. ಹುಡುಗರ ಹತ್ತಿರ ಸುಡೊ ಇದ್ದರೆ ಮಾತ್ರ ಎಲ್ಲವೂ ವ್ಯರ್ಥ.

ಮೊಬೈಲ್ ಮರೆಯಬೇಡಿ. ಈಗಿನ ಆಂಡ್ರಾಯ್ಡ್ ಫೋನ್ ಮಾಸ್ ಸ್ಟೋರೇಜ್ ಆಗಿ ಬರುವುದಿಲ್ಲ, ಎಂಟಿಪಿ ಅನ್ನೋ ಬೇರೆ ದಾರಿಯಲ್ಲಿ ಬರುತ್ತದೆ. ಅದಕ್ಕೆ ಮೂರನೇ ಸುತ್ತು, ನಾಲ್ಕನೇ ಸುತ್ತು ಯಾವುದೂ ಅಡ್ಡಿ ಇಲ್ಲ. ಕೋಟೆ ಬಾಗಿಲೆಲ್ಲ ಭದ್ರ ಮಾಡಿ ಕಿಂಡಿ ಬಿಟ್ಟ ಹಾಗಾಯಿತು, ಅಲ್ಲಿ ಕಾಯಲು ಓಬವ್ವನೇ ಬರಬೇಕು. ಎಂಟಿಪಿ ಪ್ಯಾಕೇಜ್‌ಗಳನ್ನು ತೆಗೆಯಿರಿ, ಇಲ್ಲವೇ ಯಾವ ಯುಎಸ್‌ಬಿ ಸಾಧನಕ್ಕೆ ಪ್ರವೇಶ ಅಂತ ನಿರ್ಧರಿಸುವ ಯುಎಸ್‌ಬಿಗಾರ್ಡ್ ಪ್ರೋಗ್ರಾಮ್ ಹಾಕಿ ಕೀಬೋರ್ಡ್ ಮೌಸ್ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಇಲ್ಲ ಅನ್ನಿ.

ಹೊಸ ಕರ್ನಲ್ ಬೂಟೇ ಆಗ್ತಿಲ್ಲ. ಈಗೇನು ಗತಿ?

ಗ್ರಬ್ ಮೆನುವಿನಲ್ಲಿ, ಅಂದರೆ ಆನ್ ಮಾಡಿದಾಗ ಯಾವ ಕರ್ನಲ್ ಬೇಕು ಅಂತ ಕೇಳುವ ಪಟ್ಟಿಯಲ್ಲಿ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲ್ ಇರುತ್ತದೆ, ಅದಕ್ಕೆ ಹೋಗಿ. ಅದನ್ನು ಅಳಿಸಿದ್ದರೆ ನನಗೆ ಹೇಳಬೇಡಿ, ಬೈಯುತ್ತೇನೆ. ಸಿಗ್ನೇಚರ್ ಬಗ್ಗೆ ಏನಾದರೂ ಎರರ್ ಬಂದರೆ, ಸಹಿ ಇರುವ ಕರ್ನಲ್ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದೆ. ನೀವು ಮಾಡಿದ ಕರ್ನಲ್‌ಗೆ ಸಹಿ ಇಲ್ಲ. ಬಯಾಸ್‌ನಲ್ಲಿ ಆಫ್ ಮಾಡಿ ಅಥವಾ ಸಹಿ ಹಾಕುವುದನ್ನು ಕಲಿಯಿರಿ.

ಎಲ್ಲ ಮಾಡಿದೆ, ಆದ್ರೂ ಬರ್ತಿಲ್ಲ. ನಿಮ್ಮ ಹತ್ರ ಬರುವಾಗ ಏನು ತರಲಿ?

ಪೆನ್‌ಡ್ರೈವ್, ನಿಮ್ಮ ಕಾನ್ಫಿಗ್ ಫೈಲ್, ಮತ್ತು ಚುಚ್ಚಿದ ಮೇಲಿನ ಡಿಮೆಸೇಜ್ ಸಾಲುಗಳು. ಒಳಗೆ ಬೇಕಾದ ಫೈಲ್ ಇದ್ದರೆ ಅದಕ್ಕೆ ಇನ್ನೇನೂ ಬರೆಯಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಡಿಮೆಸೇಜ್‌ನ ಫೋಟೋ ಮೊಬೈಲ್‌ನಲ್ಲಿ ಹೊಡೆದು ತನ್ನಿ ಸಾಕು. "ಅದನ್ನ ಅದೇ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬರ್ತೀನಿ ಸಾರ್" ಅಂದವರೂ ಇದ್ದಾರೆ.